ಬರೀ ಧೂಪ ಎಂದರೆ ಯಾವ ಧೂಪ?

ಮಂಗಳೂರಿನಲ್ಲಿ ಧೂಪ ಹಾಕದ ಮತವಿಲ್ಲ. ದೇವಸ್ಥಾನದ ಗರ್ಭಗುಡಿಯಲ್ಲಿ, ದೈವಸ್ಥಾನದ ಅಂಗಳದಲ್ಲಿ, ಇಗರ್ಜಿಯ ಬಲಿಪೂಜೆಯಲ್ಲಿ, ದರ್ಗಾದ ಉರೂಸಿನಲ್ಲಿ ಕೆಂಡದ ಮೇಲೆ ಚಿಟಿಕೆ ಪುಡಿ ಉದುರುತ್ತದೆ, ಹೊಗೆ ಏಳುತ್ತದೆ, ಭಕ್ತರ ಮೂಗು ಜಾತಿಮತ ನೋಡದೆ ಅರಳುತ್ತದೆ. ಆ ಪುಡಿ ಯಾವ ಮರದ್ದು ಎಂದು ಕೇಳಿದರೆ ಮಾತ್ರ ಉತ್ತರ ತಡವರಿಸುತ್ತದೆ. ಧೂಪದ ಮರದ್ದು ಎನ್ನುತ್ತಾರೆ. ಯಾವ ಧೂಪದ ಮರ ಎಂದು ಮತ್ತೆ ಕೇಳಿದರೆ, ಧೂಪದ ಮರ ಎಂದರೆ ಧೂಪದ ಮರ, ಅದರಲ್ಲಿ ಯಾವುದು ಏನು ಎಂದು ಕೇಳಿದವರನ್ನೇ ವಿಚಿತ್ರವಾಗಿ ನೋಡುತ್ತಾರೆ. ಕೇಳುವುದಕ್ಕೆ ಕಾರಣವಿದೆ. ಕರಾವಳಿಯಲ್ಲೂ ಅದರ ಬೆನ್ನಿಗಿರುವ ಘಟ್ಟದಲ್ಲೂ ಧೂಪ ಎನ್ನಿಸಿಕೊಳ್ಳುವ ಮರಗಳು ಕನಿಷ್ಠ ಮೂರು. ಒಂದಕ್ಕೊಂದು ನೆಂಟಸ್ತಿಕೆಯೂ ಇಲ್ಲ, ಮುಖಚಹರೆಯೂ ಹೊಂದುವುದಿಲ್ಲ. ಸಸ್ಯಶಾಸ್ತ್ರ ಓದಿದವರು ಇದನ್ನು ಹಳ್ಳಿಯವರ ಅವ್ಯವಸ್ಥೆ ಎಂದು ನಗುವುದುಂಟು. ನನ್ನ ಮಟ್ಟಿಗೆ ಅವ್ಯವಸ್ಥೆ ಹಳ್ಳಿಯದಲ್ಲ, ಪೇಟೆಯದು. ಹಳಬರು ಧೂಪ ಎಂಬ ಮಾತಿನ ಜೊತೆ ಒಂದು ವಿಶೇಷಣ ಹಚ್ಚುತ್ತಿದ್ದರು. ಮರದ ಗುರುತು, ಗುಣ, ಉಪಯೋಗ ಎಲ್ಲ ಇದ್ದದ್ದು ಆ ವಿಶೇಷಣದಲ್ಲಿ. ನಾವು ಅದನ್ನು ಉದುರಿಸಿ ಬರೀ ಧೂಪವನ್ನು ಉಳಿಸಿಕೊಂಡಿದ್ದೇವೆ.

ಮೊದಲನೆಯದು ಸಾಲುಧೂಪ. ಬಿಳಿಧೂಪ ಎಂದೂ ಹೇಳುತ್ತಾರೆ. ಶಾಸ್ತ್ರದ ಹೆಸರು ವಟೇರಿಯಾ ಇಂಡಿಕಾ. ಉತ್ತರದ ಸಾಲವೃಕ್ಷ, ನಮ್ಮ ಕಡೆಯ ಬೋಗಿ ಮರಗಳೆಲ್ಲ ಇದರ ಕುಟುಂಬದವೇ. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ತಾನಾಗಿ ಬೆಳೆಯುವುದಿಲ್ಲ. ಒಳ್ಳೆಯ ಕಾಡಿನಲ್ಲಿ ನಲವತ್ತು ಮೀಟರ್ ಎತ್ತರಕ್ಕೂ ಹೋಗುತ್ತದೆ. ಬಯಲಿನಲ್ಲಿ ನೆಟ್ಟರೆ ಕೊಡೆಯಂತೆ ದಟ್ಟ ನೆರಳು ಕೊಡುತ್ತದೆ. ಬೇಸಗೆಗೆ ಮುಂಚೆ ಬಿಳಿ ಹೂವಿನ ಪರಿಮಳ, ಮಳೆಗಾಲದಲ್ಲಿ ನೆಲದ ತುಂಬ ದಪ್ಪ ಕಾಯಿ. ಮಲೆನಾಡಿನ ಮತ್ತು ದಕ್ಷಿಣ, ಉತ್ತರ ಕನ್ನಡ ಜಿಲ್ಲೆಗಳ ಹಳೆಯ ರಸ್ತೆಗಳ ಇಕ್ಕೆಲಗಳಲ್ಲಿ ಇದನ್ನು ಸಾಲಾಗಿ ನೆಟ್ಟಿದ್ದರಿಂದಲೇ ಸಾಲು ಎಂಬ ಮಾತು ಅಂಟಿಕೊಂಡದ್ದು. ತೊಗಟೆಗೆ ಕಚ್ಚು ಹಾಕಿದರೆ ಒಸರುವ ಅಂಟು ಒಣಗಿದಾಗ ತಿಳಿ ಬಣ್ಣಕ್ಕೆ ತಿರುಗುತ್ತದೆ, ಆದ್ದರಿಂದ ಬಿಳಿ. ಎರಡನೆಯದು ರಾಳಧೂಪ ಅಥವಾ ಕರಿಧೂಪ, ಶಾಸ್ತ್ರದಲ್ಲಿ ಕ್ಯಾನೇರಿಯಂ ಸ್ಟ್ರಿಕ್ಟಮ್. ಇದು ಬೈಬಲಿನ ಪರಿಮಳದ್ರವ್ಯಗಳ ಕುಟುಂಬದ್ದು. ಅರಬರ ಕುಂದುರು, ನಮ್ಮ ವೈದ್ಯರ ಗುಗ್ಗುಳು ಇದರ ದಾಯಾದಿಗಳು. ಇದರ ಚಿಗುರು ರಕ್ತಗೆಂಪು. ಘಟ್ಟದ ಹಸುರಿನ ನಡುವೆ ಬೆಂಕಿ ಬಿದ್ದಂತೆ ಕಾಣುವ ಮರ ಬಹಳ ಸಲ ಇದೇ. ಅಂಟು ಒಣಗಿದರೆ ಕಪ್ಪು, ಆದ್ದರಿಂದ ಕರಿ. ಮೂರನೆಯದು ಹಾಲುಮಡ್ಡಿ, ಐಲಾಂಥಸ್ ಟ್ರೈಫೈಸಾ. ಕೆಲವು ಕಡೆ ಮಡ್ಡಿಧೂಪ ಎನ್ನುತ್ತಾರೆ. ಹಾಲಿನಂತೆ ಒಸರಿ, ಗಟ್ಟಿಯಾದ ಮೇಲೂ ಮೆತ್ತಗೇ ಉಳಿದು, ಗಾಳಿಯ ತೇವ ಹೀರಿಕೊಳ್ಳುವುದು ಇದರ ಅಂಟಿನ ಸ್ವಭಾವ. ಮಸಾಲೆ ಅಗರಬತ್ತಿ ಹೊಸೆಯುವವರಿಗೆ ಬೇಕಾದದ್ದು ಅದೇ. ಮರದ ದಿಮ್ಮಿ ಹಗುರ, ಬೆಂಕಿಕಡ್ಡಿಗೆ ಹೋಗುತ್ತದೆ.

ಮೂರೂ ಅಂಟು ಒಸರಿಸುವುದು ನಮ್ಮ ಪೂಜೆಗಾಗಿಯಂತೂ ಅಲ್ಲ. ಗಾಯವಾದ ಕಡೆ ಕೊರೆಯುವ ಹುಳ ಹೋಗಬಾರದು, ಬೂಸಲು ಹಿಡಿಯಬಾರದು ಎಂದು ಮರ ಮಾಡಿಕೊಂಡ ಏರ್ಪಾಡು ಅದು. ಉತ್ತರ ಅಮೆರಿಕದ ಚಳಿನಾಡಿನಲ್ಲಿ ಪಾಪ್ಯುಲಸ್ ಬಾಲ್ಸಮಿಫೆರಾ ಎಂಬ ಪಾಪ್ಲರ್ ಮರವಿದೆ. ಅದು ಈ ಅಂಟನ್ನು ಮೊಗ್ಗಿನಲ್ಲಿ ಇಡುತ್ತದೆ. ಎಲೆಮೊಗ್ಗು ತಿಂಗಳುಗಟ್ಟಲೆ ಹಿಮದಲ್ಲಿ ನಿಲ್ಲಬೇಕು; ಒಣಗದಂತೆ, ಹುಳ ತಿನ್ನದಂತೆ ಅದಕ್ಕೆ ಅಂಟಿನ ಲೇಪ. ವಸಂತದಲ್ಲಿ ಮೊಗ್ಗು ಒಡೆದಾಗ ಇಡೀ ನದಿದಂಡೆ ಘಮಗುಟ್ಟುತ್ತದೆಯಂತೆ, ಜೇನುಹುಳುಗಳು ಆ ಅಂಟನ್ನು ಗೂಡಿನ ಬಿರುಕು ಮುಚ್ಚಲು ಒಯ್ಯುತ್ತವೆ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಮಂಗಳೂರಿನ ಸೀಮೆಯಲ್ಲಿ ಶತ್ರು ಚಳಿಯಲ್ಲ, ತೇವ. ಕಾವಲು ಬೇಕಾದದ್ದು ತೊಗಟೆಯ ಕೆಳಗೆ. ಕರ್ನಾಟಕದಲ್ಲಿ ಮೊಗ್ಗಿನಲ್ಲೇ ಅಂಟು ಇಡುವ ಗಿಡವನ್ನು ನೋಡಬೇಕಾದರೆ ಒಣಕಾಡಿನ ಬಿಕ್ಕೆಯ ಬಳಿಗೆ ಹೋಗಬೇಕು. ಅದರ ಚಿಗುರುತುದಿಯ ಹಳದಿ ಅಂಟು ದಿಕಾಮಲ್ಲಿ ಎಂಬ ಹೆಸರಿನಲ್ಲಿ ಹಳೆಯ ಔಷಧಿ ಅಂಗಡಿಗಳಿಗೆ ಬರುತ್ತಿತ್ತು.

ಪಾಪ್ಲರನ್ನು ಎಳೆದು ತಂದದ್ದು ಅಂಟಿಗಾಗಿ ಅಷ್ಟೇ ಅಲ್ಲ, ಅದರ ಹೆಸರುಗಳಿಗಾಗಿ. ಒಂದೇ ಹೆಸರನ್ನು ಹಲವು ಮರಗಳಿಗೆ ಹೊರಿಸುವುದು ಓದುಬರಹವಿಲ್ಲದವರ ಚಾಳಿ ಎನ್ನುವವರು ಇಂಗ್ಲಿಷರು ಏನು ಮಾಡಿದರೆಂದು ನೋಡಬೇಕು. ಆ ಪಾಪ್ಲರಿಗೆ ಅವರು ಇಟ್ಟ ಹೆಸರುಗಳಲ್ಲಿ ಒಂದು ಗಿಲಿಯಾದಿನ ಮುಲಾಮು. ಗಿಲಿಯಾದ್ ಇರುವುದು ಬೈಬಲಿನ ನಾಡಿನಲ್ಲಿ, ಯೊರ್ದಾನಿನ ಆಚೆ. ಆ ಹೆಸರಿನ ಹಕ್ಕುದಾರ ಎಂದು ಸಾಮಾನ್ಯವಾಗಿ ಹೇಳುವ ಮರ ಅರೇಬಿಯಾದ ಕಡೆಯ ಪೊದೆಯಂಥದ್ದು, ಗುಗ್ಗುಳಿನ ತಮ್ಮ. ಸಾಗರ ದಾಟಿ ಹೋದವರು ಹೊಸ ನಾಡಿನಲ್ಲಿ ಘಮಗುಡುವ ಮೊಗ್ಗು ಕಂಡರು. ಧರ್ಮಗ್ರಂಥದ ಹೆಸರು ನಾಲಗೆಯ ತುದಿಯಲ್ಲಿತ್ತು, ಇಟ್ಟುಬಿಟ್ಟರು. ಇನ್ನೊಂದು ಹೆಸರು ಟಕಮಹಾಕ್. ಅದು ಮೆಕ್ಸಿಕೊದ ನಹುಆತ್ಲ್ ಭಾಷೆಯಿಂದ ಸ್ಪೇನಿನವರ ಮೂಲಕ ಬಂದ ಮಾತು, ಮೊದಲು ಅಲ್ಲಿನ ಬೇರೆಯೇ ಮರದ ಅಂಟಿಗೆ ಸಲ್ಲುತ್ತಿತ್ತು. ಅಷ್ಟಕ್ಕೇ ನಿಲ್ಲಲಿಲ್ಲ. ಮಂಗಳೂರಿನ ಕಡಲದಂಡೆಯಲ್ಲಿ ಬೆಳೆಯುವ ಸುರಹೊನ್ನೆಯ, ತುಳುವರ ಪೊನ್ನೆಯ, ಅಂಟಿಗೂ ಯುರೋಪಿನ ವ್ಯಾಪಾರಿಗಳು ಟಕಮಹಾಕ್ ಎಂದೇ ಹೆಸರಿಟ್ಟರು. ನಮ್ಮ ಸಾಲುಧೂಪಕ್ಕೆ ಅವರಿಟ್ಟದ್ದು ಇಂಡಿಯನ್ ಕೋಪಲ್. ಕೋಪಲ್ ಕೂಡ ಮೆಕ್ಸಿಕೊದ ಮಾತೇ, ಅಲ್ಲಿನ ಗುಡಿಗಳ ಧೂಪಕ್ಕೆ ಹೇಳುತ್ತಿದ್ದದ್ದು. ವೈಟ್ ಡ್ಯಾಮರ್, ಬ್ಲ್ಯಾಕ್ ಡ್ಯಾಮರ್ ಎಂದು ಸಾಲುಧೂಪ, ರಾಳಧೂಪಗಳನ್ನು ಅವರು ಬೇರ್ಪಡಿಸಿದರಲ್ಲ, ಆ ಡ್ಯಾಮರ್ ಮಲಯ ಭಾಷೆಯ ಮಾತು. ಅರ್ಥ ಮರದ ಅಂಟು. ಬಿಳಿಧೂಪ, ಕರಿಧೂಪ ಎಂದು ನಮ್ಮವರು ಮಾಡಿದ ವಿಂಗಡಣೆಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಅಂಟನ್ನು ಉರಿಸಿ, ಲೇಪಿಸಿ, ಮಾರಿ ಬದುಕುವವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಮರಗಳನ್ನು ಹೂವಿನ ಕೇಸರ ಎಣಿಸಿ ವಿಂಗಡಿಸುವುದಿಲ್ಲ, ಅಂಟು ನೋಡಿ ವಿಂಗಡಿಸುತ್ತಾರೆ. ಅದು ತಪ್ಪು ವರ್ಗೀಕರಣವಲ್ಲ, ಬೇರೆ ಕೆಲಸಕ್ಕೆ ಮಾಡಿದ ವರ್ಗೀಕರಣ.

ಹಾಗಾದರೆ ತೊಂದರೆ ಎಲ್ಲಿ? ಮಂಗಳೂರಿನಲ್ಲಿ ‘ಶೆಟ್ರ ಮನೆ ಎಲ್ಲಿ’ ಎಂದು ಕೇಳಿದವನ ಪಾಡು ನೆನೆಸಿಕೊಳ್ಳಿ. ಯಾವ ಗುತ್ತು, ಯಾವ ಬೀಡು ಎಂದು ಹೇಳದೆ ಅವನು ಸಂಜೆಯವರೆಗೆ ಅಲೆದರೂ ಬೇಕಾದ ಶೆಟ್ಟರು ಸಿಗುವುದಿಲ್ಲ. ಶೆಟ್ಟಿ ಎಂಬ ಹೆಸರು ಅದಕ್ಕೆ ಹೊಣೆಯಲ್ಲ; ಹಿಂದಿನ ಮಾತು ಬಿಟ್ಟವನು ಹೊಣೆ. ಮರಗಳ ಹೆಸರಿನಲ್ಲೂ ಅಷ್ಟೆ. ಹೊನ್ನೆ ಎಂದರೆ ಘಟ್ಟದ ಕೆಳಗೂ ಮೇಲೂ ಬಹುಮಂದಿಗೆ ನೆನಪಾಗುವುದು ಕೆಂಪು ಅಂಟಿನ, ಬೆಲೆಬಾಳುವ ನಾಟದ ಟೆರೊಕಾರ್ಪಸ್. ಕಡಲದಂಡೆಯ, ಬೀಜದೆಣ್ಣೆಯಿಂದ ದೀಪ ಉರಿಸುತ್ತಿದ್ದ ಮರ ಬೇಕಾದರೆ ‘ಸುರ’ ಸೇರಿಸಲೇಬೇಕು. ಅಶೋಕದ ಕತೆಯಂತೂ ಇನ್ನೂ ದುಬಾರಿಯದು. ಕಾಂಪೌಂಡಿನ ಉದ್ದಕ್ಕೆ ಕಂಬದಂತೆ ನೆಡುವ ಮರಕ್ಕೂ ಅಶೋಕ ಎನ್ನತೊಡಗಿದ ಮೇಲೆ, ಹೆಂಗಸರ ಕಾಯಿಲೆಗಳಿಗೆ ಆಯುರ್ವೇದ ಹೇಳಿದ ನಿಜವಾದ ಅಶೋಕದ ಚಕ್ಕೆಯ ಜಾಗದಲ್ಲಿ ಈ ಕಂಬದ ಮರದ ಚಕ್ಕೆ ಬೆರೆಯುವುದು ಔಷಧಿ ವ್ಯಾಪಾರದ ಹಳೆಯ ಕಾಯಿಲೆಯಾಗಿದೆ. ಸಾಲುಧೂಪದಲ್ಲೂ ವಿಶೇಷಣ ಬಿಟ್ಟದ್ದರ ನಷ್ಟ ಲೆಕ್ಕಕ್ಕೆ ಸಿಗುವಂಥದ್ದೇ. ಅದರ ಬೀಜದಲ್ಲಿ ಗಟ್ಟಿ ಕೊಬ್ಬಿದೆ. ಬೀಜ ಜಜ್ಜಿ ನೀರಿನಲ್ಲಿ ಕುದಿಸಿದರೆ ತೇಲಿಬಂದು ತಣಿದಾಗ ಹೆಪ್ಪುಗಟ್ಟುತ್ತದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಗ್ರಂಥಗಳು ಇದನ್ನು ಪೈನಿ ಟ್ಯಾಲೊ ಎಂದು ಕರೆದು, ಮೇಣದಬತ್ತಿಗೆ ಒಳ್ಳೆಯದು ಎಂದು ಹೊಗಳಿವೆ. ಈಗ ಕೋಕೋ ಬೆಣ್ಣೆಗೆ ಬದಲಿ ಹುಡುಕುವವರು ಇದನ್ನೇ ಧೂಪದ ಕೊಬ್ಬು ಎಂದು ಹುಡುಕುತ್ತಾರೆ. ಐರೋಪ್ಯ ಒಕ್ಕೂಟದ 2000ನೇ ಇಸವಿಯ ಚಾಕೊಲೇಟ್ ನಿಯಮ ಕೋಕೋ ಬೆಣ್ಣೆಯ ಜೊತೆ ಬಳಸಬಹುದಾದ ಆರು ಸಸ್ಯಕೊಬ್ಬುಗಳನ್ನು ಪಟ್ಟಿಮಾಡಿತು. ನಮ್ಮ ಪುನರ್ಪುಳಿಯ ಬೀಜದ ಕೊಬ್ಬು ಅದರಲ್ಲಿದೆ, ಧೂಪದ್ದು ಇಲ್ಲ. ಇರಲಿ, ಕೊಬ್ಬಿಗಾಗಿ ರಾಳಧೂಪದ ಕಾಯಿ ಹೆಕ್ಕಿದವನಿಗೆ ಸಿಗುವುದು ಕಲ್ಲಿನಂಥ ಓಟೆ ಮಾತ್ರ.

ಈ ವಿಶೇಷಣಗಳು ಯಾಕೆ ಉದುರಿದವು ಎಂಬುದೂ ಗುಟ್ಟಲ್ಲ. ಮೂರು ಅಂಟುಗಳನ್ನು ಕೈಯಲ್ಲಿ ಹಿಡಿದು, ಮುರಿದು, ಮೂಸಿ ನೋಡುವವನಿಗೆ ಮೂರು ಹೆಸರು ಬೇಕು. ಬಣ್ಣದ ಪೊಟ್ಟಣದ ಅಗರಬತ್ತಿಯಲ್ಲಿ, ಕಂಪ್ಯೂಟರ್ ಸಾಂಬ್ರಾಣಿಯ ಬಿಲ್ಲೆಯಲ್ಲಿ ಇರುವುದು ಹೆಚ್ಚಾಗಿ ಇದ್ದಲಪುಡಿ, ಮರದ ಹುಡಿ, ಕಾರ್ಖಾನೆಯ ಸುಗಂಧ. ಅದಕ್ಕೆ ಮೂರು ಹೆಸರೇಕೆ, ಅರ್ಧ ಹೆಸರೂ ಹೆಚ್ಚಾಯಿತು. ಸೀಮೆಎಣ್ಣೆ ಬಂದು ದೀಪದೆಣ್ಣೆಯ ಮರಗಳನ್ನು ಮರೆಸಿತು. ಆಮೇಲೆ ಪ್ಲೈವುಡ್ ಬಂತು. ಸಾಲುಧೂಪದ ಕಾಂಡ ನೇರ, ಪದರ ಪದರವಾಗಿ ಬಿಚ್ಚಲು ಅನುಕೂಲ. ಕಾಡಿನಲ್ಲಿ ನೂರಾರು ವರ್ಷ ಧೂಪ ಕೊಟ್ಟ ಮರ ಕಾರ್ಖಾನೆಯ ಬಾಗಿಲಿನಲ್ಲಿ ಬರೀ ಮೆದು ನಾಟ ಎನ್ನಿಸಿಕೊಂಡಿತು. ನಾಟದ ವ್ಯವಹಾರದಲ್ಲಿ ಕಾಡುಜಾತಿ ಎಂಬ ಒಂದು ಮಾತಿದೆ. ತೇಗ, ಬೀಟೆ, ಹೊನ್ನೆ, ಮತ್ತಿ ಇವುಗಳಿಗೆ ಹೆಸರು, ಮಿಕ್ಕವೆಲ್ಲ ಕಾಡುಜಾತಿ. ಮೊದಲು ವಿಶೇಷಣ ಹೋಯಿತು, ಆಮೇಲೆ ಹೆಸರೇ ಹೋಯಿತು. ಹೆಸರು ಹೋದ ಮರಕ್ಕೆ ಲೆಕ್ಕವಿಲ್ಲ. ಲೆಕ್ಕವಿಲ್ಲದ ಮರ ಎಷ್ಟು ಉಳಿದಿದೆ ಎಂದು ಕೇಳುವವರೂ ಇಲ್ಲ.

ಇದಕ್ಕೆಲ್ಲ ಲ್ಯಾಟಿನ್ ಹೆಸರಿದೆಯಲ್ಲ, ಅದನ್ನೇ ಬಳಸಿದರೆ ಮುಗಿಯಿತು ಎಂದು ಶಾಸ್ತ್ರಜ್ಞರು ಹೇಳಬಹುದು. ಆ ಹೆಸರಿನ ಬೆಲೆಯನ್ನು ನಾನು ಕಡಿಮೆ ಮಾಡುವುದಿಲ್ಲ. ಜಪಾನಿನವನಿಗೂ ಪುತ್ತೂರಿನವನಿಗೂ ಒಂದೇ ಮರ ಕಾಣಿಸಬೇಕಾದರೆ ಅದು ಬೇಕೇ ಬೇಕು. ಲಿನೇಯಸ್ 1753ರ ತನ್ನ ಒಂದೇ ಪುಸ್ತಕದಲ್ಲಿ ಚಳಿನಾಡಿನ ಪಾಪ್ಲರಿಗೂ ಘಟ್ಟದ ಸಾಲುಧೂಪಕ್ಕೂ ಹೆಸರಿಟ್ಟ. ಗಿಲಿಯಾದ್, ಟಕಮಹಾಕ್, ಕೋಪಲ್ ಎಂಬ ಗದ್ದಲದಿಂದ ಎರಡನ್ನೂ ಹೊರಗೆ ತಂದ. ಆದರೆ ಆ ಹೆಸರು ಗುರುತಿಸುತ್ತದೆ, ಏನನ್ನೂ ತಿಳಿಸುವುದಿಲ್ಲ. ವಟೇರಿಯಾ ಎಂದರೇನು? ಅಬ್ರಹಾಂ ವಾಟರ್ ಎಂಬ ಜರ್ಮನ್ ಅಂಗರಚನಾ ಶಾಸ್ತ್ರಜ್ಞನ ನೆನಪು. ಪಿತ್ತನಾಳ ಸಣ್ಣಕರುಳಿಗೆ ತೆರೆಯುವಲ್ಲಿರುವ ಉಬ್ಬಿಗೂ ಅವನದೇ ಹೆಸರು. ವೈದ್ಯಕೀಯ ಕಾಲೇಜುಗಳಿಂದ ತುಂಬಿದ ಮಂಗಳೂರಿನಲ್ಲಿ ವಾಟರನ ಉಬ್ಬು ಬಲ್ಲ ವಿದ್ಯಾರ್ಥಿಗಳು ಸಾವಿರಾರು ಮಂದಿ ಸಿಗುತ್ತಾರೆ, ವಾಟರನ ಮರ ಬಲ್ಲವರು ಎಷ್ಟು ಮಂದಿಯೋ! ಸಾಲು ಎಂಬ ಎರಡಕ್ಷರ ಮರ ಎಲ್ಲಿ ನಿಲ್ಲುತ್ತಿತ್ತು ಎಂದು ಹೇಳುತ್ತದೆ, ಬಿಳಿ ಎಂಬ ಎರಡಕ್ಷರ ಅಂಟನ್ನು ಪರೀಕ್ಷಿಸುವ ಬಗೆ ಹೇಳುತ್ತದೆ. ಮೇಲಾಗಿ ಲ್ಯಾಟಿನ್ ಹೆಸರು ಕಲ್ಲಿನ ಮೇಲೆ ಕೆತ್ತಿದ್ದೂ ಅಲ್ಲ. ಹಾಲುಮಡ್ಡಿ ಹಳೆಯ ಪುಸ್ತಕಗಳಲ್ಲಿ ಐಲಾಂಥಸ್ ಮಲಬಾರಿಕಾ, ಈಗ ಟ್ರೈಫೈಸಾ. ಹಾಲುಮಡ್ಡಿ ಮಾತ್ರ ಹಾಲುಮಡ್ಡಿಯಾಗಿಯೇ ಉಳಿದಿದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಊರಿನ ಹೆಸರು ಎಂದರೆ ಯಾವ ಊರಿನದು? ಒಂದು ಕಡೆಯ ರಾಳಧೂಪ ಇನ್ನೊಂದು ಕಡೆ ಕಾಯಿಧೂಪ. ರಾಳ ಎಂದರೆ ಸಂಸ್ಕೃತ ಓದಿದ ವೈದ್ಯರಿಗೆ ಉತ್ತರದ ಸಾಲವೃಕ್ಷದ ಅಂಟು. ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ, ಮಲಯಾಳದ ಕಡೆಗೆ ಹೋದರೆ ಸಾಲುಧೂಪ ವೆಳ್ಳಪಯಿನ್ ಆಗುತ್ತದೆ. ಇಂಗ್ಲಿಷರ ‘ಪೈನಿ’ ಹುಟ್ಟಿದ್ದು ಆ ಪಯಿನಿನಿಂದಲೇ, ಪೈನ್ ಮರದಿಂದಲ್ಲ. ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕೂ ಒಂದೇ ಬಸ್ಸಿನಲ್ಲಿ ಕೇಳಿಸುವ ಈ ಊರಿನಲ್ಲಿ ಒಂದು ಹೆಸರನ್ನು ಅಧಿಕೃತ ಮಾಡಹೊರಟರೆ ಮರಕ್ಕಿಂತ ಮೊದಲು ತಲೆಗಳು ಉರುಳಿಯಾವು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದು ಕೇಳುವುದು ಒಂದೇ ಹೆಸರನ್ನಲ್ಲ, ಎಲ್ಲ ಹೆಸರುಗಳನ್ನು. ಇದು ಆಗದ ಕೆಲಸವೇನಲ್ಲ. ಮುನ್ನೂರೈವತ್ತು ವರ್ಷಗಳ ಹಿಂದೆಯೇ ಆಗಿದೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ ಹೊರ್ಟಸ್ ಮಲಬಾರಿಕಸ್ 1678ರಿಂದ 1693ರ ತನಕ ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದಕ್ಕೆ ಮಾಹಿತಿ ಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು ಮತ್ತು ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿಗರು. ಕೊಂಕಣಿಗರು 1675ರಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ನಾಗರಿ ಲಿಪಿಯ ಕೊಂಕಣಿಯಲ್ಲಿ ಹಾಗೆಯೇ ಅಚ್ಚಾಗಿದೆ. ಅದರ ಚಿತ್ರಪಟಗಳ ಮೇಲೆ ಗಿಡದ ಹೆಸರನ್ನು ಮಲಯಾಳ, ಅರಬಿ, ನಾಗರಿ ಲಿಪಿಗಳಲ್ಲಿ ಬಿಡಿಸಿದ್ದಾರೆ. ಸಾಲುಧೂಪ ಅದರ ನಾಲ್ಕನೆಯ ಸಂಪುಟದಲ್ಲಿ ಪೇನೋ ಎಂಬ ಹೆಸರಿನಲ್ಲಿದೆ. ಲಿನೇಯಸ್ ತನ್ನ ಹೆಸರಿಗೆ ಆಧಾರ ಮಾಡಿಕೊಂಡದ್ದು ಅದನ್ನೇ. ಮಂಗಳೂರಿಗೂ ಇಂಥ ಕೆಲಸ ಹೊಸತಲ್ಲ. 1886ರಲ್ಲಿ ಮ್ಯಾನರರ ತುಳು ನಿಘಂಟು, 1894ರಲ್ಲಿ ಕಿಟೆಲರ ಕನ್ನಡ ನಿಘಂಟು ಇಲ್ಲಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದಲೇ ಹೊರಬಂದವು, ಮತ್ತು ಕಿಟೆಲರು ಗಿಡಮರಗಳ ಕನ್ನಡ ಹೆಸರಿನ ಮುಂದೆ ಶಾಸ್ತ್ರದ ಹೆಸರನ್ನೂ ಹುಡುಕಿ ಇಟ್ಟರು. ನಮ್ಮ ಕಾಲದಲ್ಲಿ ಕೆ. ಗೋಪಾಲಕೃಷ್ಣ ಭಟ್ಟರ 2003ರ ‘ಫ್ಲೋರಾ ಆಫ್ ಉಡುಪಿ’ ಇದೆ. ಆಕರಗಳ ಬಡತನ ನಮಗಿಲ್ಲ. ಪುಸ್ತಕದಲ್ಲಿ ಇರುವುದು ಬೀದಿಗೆ ಇಳಿದಿಲ್ಲ, ಅಷ್ಟೆ.

ಹೆಸರು ಬರೆದ ಮಾತ್ರಕ್ಕೆ ಮರ ಉಳಿಯುತ್ತದೆಯೇ ಎಂದು ಕೊನೆಗೆ ಕೇಳುವವರಿಗೆ ನೇರ ಉತ್ತರ: ಇಲ್ಲ. ಗರಗಸಕ್ಕೆ ಓದಲು ಬರುವುದಿಲ್ಲ. ಆದರೆ ಗರಗಸಕ್ಕೆ ಅನುಮತಿ ಕೊಡುವ ಕಾಗದ ಓದುವವರಿಗಾಗಿಯೇ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಾರ್ವಜನಿಕ ಕೆಲಸಕ್ಕಾಗಿ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದಾಗ ವೃಕ್ಷಾಧಿಕಾರಿ ಪ್ರಕಟಣೆ ಕೊಟ್ಟು ಜನರ ಆಕ್ಷೇಪ ಕೇಳಬೇಕು. ಇರುವ ಮರಗಳ ಗಣತಿಯೂ ಆ ಕಾಯ್ದೆ ಹೇಳಿದ ಕರ್ತವ್ಯಗಳಲ್ಲೊಂದು. ಹೆದ್ದಾರಿ ಅಗಲವಾಗುವುದು ಇಲ್ಲಿ ಮುಗಿಯದ ಕತೆ. ನಂತೂರಿನಿಂದ ಮೂಡುಬಿದಿರೆಯ ಕಡೆಗೆ ಹೋಗುವ ರಸ್ತೆಯನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಪ್ರಕಟಣೆಯಲ್ಲಿ ‘ಧೂಪ’ ಎಂದಷ್ಟೇ ಇದ್ದರೆ, ಅಥವಾ ‘ಕಾಡುಜಾತಿ’ ಎಂದಿದ್ದರೆ, ಓದಿದವನು ಏನೆಂದು ಆಕ್ಷೇಪಿಸಬೇಕು? ಹಾಲುಮಡ್ಡಿ ಬೇಗ ಬೆಳೆಯುವ ಮರ. ಒಂದು ಹೋದರೆ ಕೆಲವು ವರ್ಷಗಳಲ್ಲಿ ಇನ್ನೊಂದನ್ನು ಎಬ್ಬಿಸಬಹುದು. ಘಟ್ಟ ಬಿಟ್ಟು ಬೇರೆಡೆ ಇಲ್ಲದ ಸಾಲುಧೂಪದ ಹಳೆಯ ಮರ ಹೋದರೆ ಲೆಕ್ಕವೇ ಬೇರೆ. ಎರಡನ್ನೂ ಒಂದೇ ಹೆಸರಿನಲ್ಲಿ ಬರೆದ ಪಟ್ಟಿ ಕಾಯ್ದೆಯ ಅಕ್ಷರ ಪಾಲಿಸುತ್ತದೆ, ಉದ್ದೇಶವನ್ನು ಸೋಲಿಸುತ್ತದೆ.

ಆದ್ದರಿಂದ ಕೇಳಬೇಕಾದದ್ದು ಬಹಳ ಸಣ್ಣದು. ನಗರದ ಮರಗಣತಿಯಲ್ಲಿ, ಕಡಿಯುವ ಪ್ರಕಟಣೆಯಲ್ಲಿ, ನರ್ಸರಿಯ ಚೀಟಿಯಲ್ಲಿ, ಕಾಲೇಜಿನ ಅಂಗಳದ ಫಲಕದಲ್ಲಿ, ದೇವಸ್ಥಾನದ ಬನದ ಬೋರ್ಡಿನಲ್ಲಿ ಶಾಸ್ತ್ರದ ಹೆಸರಿನ ಜೊತೆಗೆ ಊರಿನ ಹೆಸರು ಪೂರ್ತಿಯಾಗಿ ಇರಲಿ. ವಿಶೇಷಣ ಸಮೇತ, ಸಿಕ್ಕಷ್ಟು ಭಾಷೆಗಳಲ್ಲಿ. ಘಟ್ಟದ ಮರಗಳ ವನವನ್ನೇ ಬೆಳೆಸಿರುವ ಪಿಲಿಕುಳದಂಥ ಜಾಗ ಹತ್ತಿರದಲ್ಲೇ ಇರುವಾಗ ಗುರುತಿಸಲು ಬಲ್ಲವರಿಗೇನೂ ಬರವಿಲ್ಲ. ವಿದ್ಯುತ್ ತಂತಿಯ ಕೆಳಗೆ, ಇಕ್ಕಟ್ಟಾದ ಗಲ್ಲಿಯಲ್ಲಿ ಸಾಲುಧೂಪ ನೆಡಿರಿ ಎಂದು ನಾನು ಹೇಳಲಾರೆ. ಅದು ದೊಡ್ಡ ಮರ, ದೊಡ್ಡ ಜಾಗ ಕೇಳುತ್ತದೆ. ಶಾಲೆಯ ಮೈದಾನದ ಅಂಚು, ನಾಗಬನದ ಖಾಲಿ ಬದಿ, ವಿಶಾಲವಾದ ಆಸ್ಪತ್ರೆಯ ಆವರಣ ಅದಕ್ಕೆ ತಕ್ಕ ಜಾಗ. ನೆಡುವ ಮನಸ್ಸಿದ್ದವರು ಬೀಜ ಕೂಡಿಟ್ಟು ಪುರುಸೊತ್ತಿನಲ್ಲಿ ಬಿತ್ತುವ ಆಸೆ ಬಿಡಬೇಕು. ಈ ಕುಟುಂಬದ ಬಹಳಷ್ಟು ಮರಗಳ ಬೀಜಕ್ಕೆ ಇರುವ ರೆಕ್ಕೆ ಇದಕ್ಕಿಲ್ಲ, ಬುಡದಲ್ಲೇ ಬೀಳುತ್ತದೆ, ಒಣಗಿಸಿದರೆ ಸಾಯುತ್ತದೆ, ಕೆಲವೇ ದಿನಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಕಾಯಿ ಬಿದ್ದಾಗಲೇ ಹೆಕ್ಕಿ, ಹಸಿಯಾಗಿಯೇ ಮಣ್ಣಿಗೆ ಹಾಕಬೇಕು. ಸಸಿ ಕೊಳ್ಳುವವರು ನರ್ಸರಿಯಲ್ಲಿ ಧೂಪ ಇದೆಯೇ ಎಂದು ಕೇಳಬೇಡಿ, ಸಾಲುಧೂಪ ಇದೆಯೇ ಎಂದು ಕೇಳಿ.